ಐವತ್ತೆರಡರಲ್ಲಿ ಹದಿನೇಳು

ಕಲ್ಮಲಾ ದಾಟಿ ಬಸ್ಸಿಳಿದು
ಹತ್ತಿ ಹೊಲದ ಬದುವಿನ ಮೇಲೆ ಅರ್ಧ ಮೈಲಿ.
ಚಪ್ಪಲಿಗೆ ಎರೆಮಣ್ಣು, ಸೆರಗಿಗೆ ಹತ್ತಿಯ ಎಳೆ,
ಬಗಲಲ್ಲಿ ಅವಲೋಕನ ಪುಸ್ತಕ.
ಪೀಠಿಕೆಗೆ ಐದು ಅಂಕ, ಪ್ರಶ್ನೆಗೆ ಐದು,
ಕಪ್ಪುಹಲಗೆಯ ಅಕ್ಷರಕ್ಕೆ ಐದು, ಸಮಾರೋಪಕ್ಕೆ ಐದು.
ಇಪ್ಪತ್ತೆರಡು ವರ್ಷದಿಂದ ಇದೇ ನನ್ನ ತಕ್ಕಡಿ.

ಇವತ್ತಿನ ಪಾಠ ಮೌನೇಶನದು.
ಮಾನ್ವಿ ಕಡೆಯ ಹುಡುಗ. ಮೌನ ಹೆಸರಿಗಷ್ಟೇ.
ಪ್ರಶ್ನೆ ಕೇಳಿದವನೇ ಉತ್ತರವನ್ನೂ ಹೇಳಿಬಿಡುತ್ತಾನೆ,
ಮಕ್ಕಳಿಗೆಂದು ಕಲಸಿದ ತುತ್ತು
ತಾನೇ ನುಂಗಿದ ಹಾಗೆ.
ಹೋದ ವಾರ ವಿಭಾಗದ ವರಾಂಡದಲ್ಲಿ ನಿಲ್ಲಿಸಿ ಹೇಳಿದ್ದೆ:
ಕೇಳಿದ ಮೇಲೆ ಹತ್ತು ಎಣಿಸೋ ತಮ್ಮಾ,
ಹಲ್ಲು ಕಚ್ಚಿಕೊಂಡಾದರೂ ಎಣಿಸು.
"ಹತ್ತಂದ್ರ ಭಾಳ ಆತ್ರಿ ಮೇಡಂ,
ಕ್ಲಾಸು ನಿದ್ದಿ ಹೋಗ್ತದ" ಎಂದು ನಕ್ಕಿದ್ದ.

ಮೂರನೇ ತರಗತಿ.
ಹತ್ತಿ ಬಿಡಿಸಲು ಹೋದವರು ಹೋಗಿ, ಉಳಿದವರು ಹತ್ತೊಂಬತ್ತು.
ಕಸಬರಿಗೆಯ ಕಡ್ಡಿ ಮುರಿದು, ರಾತ್ರಿಯೆಲ್ಲ ಕೂತು
ಹತ್ತತ್ತರ ಕಟ್ಟು ಮಾಡಿ ತಂದಿದ್ದಾನೆ.
ರಬ್ಬರು ಬ್ಯಾಂಡು ಮುಗಿದಲ್ಲಿ
ಹಾಸ್ಟೆಲ್ಲಿನ ಯಾರದೋ ಬೂಟಿನ ಲೇಸು.

"ಎರಡರಾಗ ಏಳು ಹೋಗೂದಿಲ್ಲ. ಏನ್ ಮಾಡಬೇಕು?
ಮಗ್ಗಲ ಮನ್ಯಾಗ ದಶಕಪ್ಪ ಅದಾನ,
ಅವನ ಕಡಿಂದ ಒಂದು ಸಾಲ ತರಬೇಕು."

ನನ್ನದೇ ಮಾತು. ನನ್ನದೇ ಏರಿಳಿತ.
ದಶಕಪ್ಪನನ್ನು ಹೆತ್ತವಳೂ ನಾನೇ.
ಐದು ಬರೆಯಲು ಪೆನ್ನಿನ ಮುಚ್ಚಳ ತೆಗೆದೆ.

"ಯಾರಿಗರೆ ಏನರೆ ಕೇಳೂದು ಅದ ಏನು?"
ಒಂದು, ಎರಡು.
ಪುಣ್ಯಾತ್ಮನ ತುಟಿ ನಿಜವಾಗಿಯೂ ಎಣಿಸುತ್ತಿದೆ.
ಮೂಲೆಯಲ್ಲಿ ಹುಸೇನಮ್ಮ,
ತೊಡೆಯ ಮೇಲೆ ಸಿಂಬಳ ಸುರಿಸುವ ತಮ್ಮ.
ಹಾಜರಿಗೂ ಬಾಯಿ ಬಿಡದೆ ಕೈ ಎತ್ತುವ ಹುಡುಗಿ.
ಏಳು.
ಎಂಟು.

"ತಂದ ಸಾಲ ಯಾವಾಗ ತಿರುಗಿ ಕೊಡೂದ್ರಿ ಸರ?"

ಯಾರೂ ನಗಲಿಲ್ಲ.
ಪಾಠದ ಪುಸ್ತಕಕ್ಕಿಂತ ಮೊದಲು
ಅಂಗಡಿಯ ಖಾತೆ ಪುಸ್ತಕ ಓದಲು ಕಲಿತ ಮಕ್ಕಳು.
ಎಲ್ಲರ ಕಣ್ಣೂ ಹಲಗೆಯ ಮೇಲೆ:
ಐದು ಹೊಡೆದು ನಾಲ್ಕಾಗಿದೆ,
ಪಾಪ, ದಶಕಪ್ಪನಿಗೆ ಯಾರೂ ಏನೂ ಕೊಟ್ಟಿಲ್ಲ.

ನನ್ನ ಬಾಯಿ ತೆರೆದೇ ಇತ್ತು.
ನಾಲಿಗೆಯ ತುದಿಗೆ ಹಳೆಯ ಉತ್ತರ:
ಅದು ಲೆಕ್ಕದ ನಿಯಮ ಕಣವ್ವಾ, ಕೂಡು.
ಮೌನೇಶ ನನ್ನತ್ತ ನೋಡಿದ.
ನಾನು ಕಿಟಕಿಯತ್ತ ನೋಡಿದೆ.
ಅಲ್ಲಿ ಬಿಸಿಯೂಟದ ಕುಕ್ಕರಿನ ಎರಡನೇ ಸೀಟಿ.
ಎಣಿಕೆ ಹತ್ತನ್ನು ಯಾವಾಗಲೋ ದಾಟಿತ್ತು.

"ನನಗೂ ಗೊತ್ತಿಲ್ಲವಾ. ಬಾ, ಕಡ್ಡಿ ಹಿಡಿದು ನೋಡೋಣು."

ತಮ್ಮನನ್ನು ಸೊಂಟಕ್ಕೇರಿಸಿ ಬಂದಳು.
ಲೇಸಿನ ಗಂಟು ಹಲ್ಲಿನಿಂದ ಬಿಚ್ಚಿದಳು.
ಹತ್ತು ಕಡ್ಡಿ ಎರಡರೊಳಗೆ ಬೆರೆತು ಯಾವುದು ಯಾವುದೋ.
ಏಳು ತೆಗೆದಳು, ಐದು ಉಳಿಯಿತು.
ಒಂದು ಕಟ್ಟು ಅತ್ತ ಸರಿಸಿದಳು, ಮೂರು ಉಳಿಯಿತು.
ಕೈಯಲ್ಲಿ ಲೇಸು ಹಿಡಿದುಕೊಂಡೇ ನಿಂತಳು,
ಬಹಳ ಹೊತ್ತು.

"ಸಾಲ ಅಲ್ಲ ಬಿಡ್ರಿ ಇದು.
ನಮ್ದಾ ಕಟ್ಟು. ಬಿಚ್ಚೀವಿ, ಅಷ್ಟಾ."

ವರ್ಷಕ್ಕೆ ಐವತ್ತು ಜನ, ಇಪ್ಪತ್ತೆರಡು ವರ್ಷ.
ಈ ಗುಣಾಕಾರಕ್ಕೆ ಕಡ್ಡಿ ಬೇಕಿಲ್ಲ.
ಸಿರವಾರದಲ್ಲಿ, ಮುದಗಲ್ಲಿನಲ್ಲಿ, ಹಟ್ಟಿಯ ಗಣಿ ಕಾಲೊನಿಯಲ್ಲಿ
ನಾನು ತಿದ್ದಿ ಕಳಿಸಿದ ಮೇಷ್ಟ್ರುಗಳು, ಟೀಚರಮ್ಮಗಳು
ಈ ಹೊತ್ತಿಗೂ ಹಲಗೆಯ ಮುಂದೆ ನಿಂತು
ದಶಕಪ್ಪನ ಬಾಗಿಲು ಬಡಿಯುತ್ತಿರಬಹುದು.
ಯಾರಿಗೆ ಫೋನು ಮಾಡಲಿ? ಏನಂತ?

ಸಂಜೆ ಬಸ್ಸಿಗೆ ಕಾಯುವಾಗ ಕೇಳಿದ:
"ಎಷ್ಟು ಹಾಕಿದ್ರಿ ಮೇಡಂ?"
ಕೇಳಿದ ಮೇಲೆ ಸುಮ್ಮನೆ ನಿಂತ. ಉತ್ತರ ತಾನೇ ಹೇಳಲಿಲ್ಲ.
ಪುಸ್ತಕ ತೆರೆದು ತೋರಿಸಿದೆ. ನಾಲ್ಕೂ ಕಾಲಂ ಖಾಲಿ.
ಕೆಳಗಿನ ಅಂಚಿನಲ್ಲಿ, ನನ್ನ ವಕ್ರ ಅಕ್ಷರದಲ್ಲಿ:
ಸಾಲ ಅಲ್ಲ, ನಮ್ಮದೇ ಕಟ್ಟು. ಹುಸೇನಮ್ಮ, ಮೂರನೇ ತರಗತಿ.

ಓದಿದ. ಅಂಕದ ಮಾತು ಮತ್ತೆ ಎತ್ತಲಿಲ್ಲ.
ಸ್ವಲ್ಪ ದೂರ ಬಸ್ಸು ಹೋದ ಮೇಲೆ ಹಣೆ ಚಚ್ಚಿಕೊಂಡ:
"ಲೇಸು ಅಕಿ ಹತ್ರಾನ ಉಳೀತ್ರಿ ಮೇಡಂ.
ನಾಳೆ ಖಾಜಾಪಾಷಾಗ ಪರೇಡ್ ಅದ.
ಯಾವಾಗ ತಿರುಗಿ ಕೊಡ್ತೀ ಅಂತ ಕೇಳ್ತಾನ."